ಎಮರ್ಜೆನ್ಸಿ ಕಾಲದ ನಗು: ನಮ್ಮೂರ ಸಾಕ್ಷ್ಯಚಿತ್ರಕ್ಕೆ ಎಲ್ಲರನ್ನೂ ಕರೆತರುವುದು ಹೇಗೆ?

2025ರ ಜೂನ್‌ಗೆ ತುರ್ತು ಪರಿಸ್ಥಿತಿ ಹೇರಿ 50 ವರ್ಷ ತುಂಬಿತು. ಆಗಿನಿಂದ ದಾವಣಗೆರೆ, ಚಿತ್ರದುರ್ಗ ಕಡೆಯ ಕಾಲೇಜು ಹುಡುಗ ಹುಡುಗಿಯರು, ಹವ್ಯಾಸಿ ರಂಗತಂಡದವರು ಒಂದೇ ಪ್ರಶ್ನೆ ಕೇಳುತ್ತಿದ್ದಾರೆ. "ಆ ಕಾಲದ ರಾಜಕೀಯ ವಿಡಂಬನೆ ಬಗ್ಗೆ ಅರ್ಧ ಗಂಟೆಯ ಸಾಕ್ಷ್ಯಚಿತ್ರ ಮಾಡ್ತಿದೀವಿ. ನೋಡಿದವರು ಇದ್ರಲ್ಲಿ ಬರೀ ನಾಲ್ಕು ಜನ ಗಂಡಸರೇ ಮಾತಾಡ್ತಾರಲ್ಲ ಅಂತಾರೆ. ಏನ್ ಮಾಡೋದು?"

ಕೊನೆಗೆ ಇಬ್ಬರು ಹೆಂಗಸರನ್ನು ಕೂರಿಸಿ ಎರಡೆರಡು ಮಾತು ಆಡಿಸಿದರೆ ಇದು ಸರಿಹೋಗುವುದಿಲ್ಲ. ಎಡವಟ್ಟು ಆಗುವುದು ಹುಡುಕುವ ಜಾಗದಲ್ಲೇ. ಪತ್ರಿಕೆಯ ಕಾರ್ಟೂನು, ಅಂಕಣ, ಅಚ್ಚಾದ ನಾಟಕ, ಇಷ್ಟೇ ವಿಡಂಬನೆ ಎಂದುಕೊಂಡರೆ ಓದು ಬಂದವರು, ಅಚ್ಚುಮನೆಗೆ ಹತ್ತಿರ ಇದ್ದವರು ಮಾತ್ರ ಸಿಗುತ್ತಾರೆ. ನಮ್ಮ ಕಡೆ 1975ರಲ್ಲಿ ಅವರು ಯಾರು ಎಂದು ಬಿಡಿಸಿ ಹೇಳಬೇಕಾಗಿಲ್ಲ ಅಲ್ವಾ? ಆದರೆ ಅಧಿಕಾರದಲ್ಲಿ ಇರುವವರನ್ನು ಆಡಿಕೊಂಡು ನಗುವುದಕ್ಕೆ ಅಕ್ಷರ ಬೇಕಿಲ್ಲ. ಆ ನಗು ಓಣಿಯಲ್ಲಿತ್ತು, ಮಿಲ್ಲಿನ ಗೇಟಿನಲ್ಲಿತ್ತು, ಸೋಬಾನೆ ಪದದಲ್ಲಿತ್ತು. ಅಲ್ಲಿಗೆ ಹೋಗುವ ದಾರಿಯನ್ನೇ ಇಲ್ಲಿ ಬರೆದಿದ್ದೇನೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಆಗ 20 ವರ್ಷದವರಾಗಿದ್ದವರಿಗೆ ಈಗ 70 ದಾಟಿದೆ. ಓದಿ ಮುಗಿಸಿ ಮುಂದಿನ ತಿಂಗಳು ನೋಡೋಣ ಎನ್ನಬೇಡಿ.

ಏನೇನು ಬೇಕು

ಒಳ್ಳೆ ಮೊಬೈಲ್ ಅಥವಾ ಸಾದಾ ಕ್ಯಾಮೆರಾ, ಒಂದು ಸ್ಟ್ಯಾಂಡು, ಎರಡು ಕಾಲರ್ ಮೈಕು, ಬೇರೆಯಾಗಿ ಒಂದು ಸೌಂಡ್ ರೆಕಾರ್ಡರ್, ಎರಡು ಹಾರ್ಡ್ ಡಿಸ್ಕ್. ಚಿತ್ರ ಸ್ವಲ್ಪ ಮಸುಕಾದರೂ ನೋಡುತ್ತಾರೆ, ಮಾತು ಕೇಳಿಸದಿದ್ದರೆ ಎದ್ದು ಹೋಗುತ್ತಾರೆ. ಹಾಗಾಗಿ ದುಡ್ಡು ಕಮ್ಮಿ ಇದ್ದರೆ ಮೊದಲು ಮೈಕು ಕೊಳ್ಳಿ. ಇದರ ಜೊತೆ ಒಂದು ದಪ್ಪ ನೋಟ್‌ಬುಕ್ಕು ಮತ್ತು ಕನಿಷ್ಠ ಮೂರು ತಿಂಗಳ ಬಿಡುವು ಬೇಕು.

ಹಂತ 1: ಕಾಲದ ಗಡಿ ಹಾಕಿಕೊಳ್ಳಿ

ತುರ್ತು ಪರಿಸ್ಥಿತಿ ಘೋಷಣೆಯಾದದ್ದು 1975ರ ಜೂನ್ 25ರ ರಾತ್ರಿ. ಮುಗಿದದ್ದು 1977ರ ಮಾರ್ಚ್ 21ರಂದು. ಆ 21 ತಿಂಗಳು ಪತ್ರಿಕೆಗಳ ಮೇಲೆ ಪೂರ್ವ ಸೆನ್ಸಾರ್ ಇತ್ತು. ಅಂದರೆ ಅಚ್ಚಾಗುವ ಮೊದಲೇ ಬರಹವನ್ನು ಅಧಿಕಾರಿಗೆ ತೋರಿಸಿ ಒಪ್ಪಿಗೆ ಪಡೆಯಬೇಕಿತ್ತು. 'ಮೀಸಾ' ಎಂಬ ಹೆಸರನ್ನು ಹಿರಿಯರು ಪದೇ ಪದೇ ಹೇಳುತ್ತಾರೆ. ಅದು 1971ರ ಆಂತರಿಕ ಭದ್ರತಾ ಕಾಯ್ದೆ. ವಿಚಾರಣೆ ಇಲ್ಲದೆ ಜೈಲಿನಲ್ಲಿ ಇಡಲು ಅದರಲ್ಲಿ ಅವಕಾಶವಿತ್ತು.

ದೇಶದ ಮಟ್ಟದ ಹಿನ್ನೆಲೆಗೆ ಎರಡು ಮೂರು ನಿಮಿಷ ಸಾಕು. 1975ರ ಜೂನ್ 28ರಂದು ಇಂಡಿಯನ್ ಎಕ್ಸ್‌ಪ್ರೆಸ್ ಸಂಪಾದಕೀಯದ ಜಾಗವನ್ನು ಖಾಲಿ ಬಿಟ್ಟು ಅಚ್ಚು ಮಾಡಿತು. ಅದೇ ದಿನ ಮುಂಬೈನ ಟೈಮ್ಸ್ ಆಫ್ ಇಂಡಿಯಾದ ನಿಧನ ವಾರ್ತೆಯಲ್ಲಿ ಯಾರೋ 'ಡೆಮಾಕ್ರಸಿ'ಯನ್ನೇ ಒಬ್ಬ ಮನುಷ್ಯನ ಹೆಸರಿನಂತೆ ಬರೆದು ಸಾವಿನ ಸುದ್ದಿ ಹಾಕಿಸಿದ್ದರು. ವ್ಯಂಗ್ಯಚಿತ್ರಗಾರ ಶಂಕರ್ ಅವರ ವಾರಪತ್ರಿಕೆ ಆಗಸ್ಟ್‌ನಲ್ಲಿ ನಿಂತಿತು. ಡಿಸೆಂಬರಿನಲ್ಲಿ ಅಬು ಅಬ್ರಹಾಂ, ಸ್ನಾನದ ತೊಟ್ಟಿಯಲ್ಲೇ ಕೂತು ಸುಗ್ರೀವಾಜ್ಞೆಗೆ ಸಹಿ ಹಾಕುವ ರಾಷ್ಟ್ರಪತಿಯ ಚಿತ್ರ ಬರೆದರು. ನಮ್ಮ ಕಡೆಯಿಂದ ಚಂದ್ರಶೇಖರ ಪಾಟೀಲರಂಥ ಕವಿಗಳು ಜೈಲಿಗೆ ಹೋದರು. ಬೆಂಗಳೂರಿನ ಜೈಲಿನಲ್ಲಿದ್ದ ನಟಿ ಸ್ನೇಹಲತಾ ರೆಡ್ಡಿ ಪೆರೋಲ್ ಮೇಲೆ ಹೊರಬಂದು, 1977ರ ಜನವರಿಯಲ್ಲಿ ತೀರಿಕೊಂಡರು. ಹೆಂಗಸರು ಆಗ ರಾಜಕೀಯದಲ್ಲಿ ಎಲ್ಲಿದ್ದರು ಎಂದು ಕೇಳುವವರಿಗೆ ಈ ಹೆಸರು ಹೇಳಿ.

ಎಚ್ಚರಿಕೆ: ಕಾಲ ಬೆರೆಸುವ ತಪ್ಪು ತುಂಬಾ ಜಾಸ್ತಿ. ಬಹಳ ಜನ "ಎಮರ್ಜೆನ್ಸಿಲಿ ಲಂಕೇಶ್ ಪತ್ರಿಕೆ ಓದ್ತಿದ್ವಿ" ಅನ್ನುತ್ತಾರೆ. ಅದು ಶುರುವಾದದ್ದೇ 1980ರಲ್ಲಿ. 'ಕೊರವಂಜಿ' ಎಂಬ ಹಾಸ್ಯ ಪತ್ರಿಕೆ 1967ಕ್ಕೇ ನಿಂತಿತ್ತು. ಹೇಳಿದವರು ಸುಳ್ಳು ಹೇಳುತ್ತಿಲ್ಲ, ನೆನಪು ಎರಡು ಕಾಲವನ್ನು ಹೊಲಿದುಬಿಟ್ಟಿರುತ್ತದೆ. ಬಿಡಿಸುವುದು ನಿಮ್ಮ ಕೆಲಸ.

ಇನ್ನೊಂದು: ದಾವಣಗೆರೆ ಬೇರೆ ಜಿಲ್ಲೆಯಾದದ್ದು 1997ರ ಆಗಸ್ಟ್ 15ರಂದು. ಎಮರ್ಜೆನ್ಸಿ ಕಾಲದಲ್ಲಿ ಅದು ಚಿತ್ರದುರ್ಗ ಜಿಲ್ಲೆಯ ತಾಲ್ಲೂಕು. ಆಗಿನ ಸರ್ಕಾರಿ ಕಾಗದ ಹುಡುಕುವವರು ದಾವಣಗೆರೆ ಕಚೇರಿಯಲ್ಲಿ ಇಲ್ಲ ಎಂದ ಕೂಡಲೇ ಕೈ ಬಿಡಬೇಡಿ, ಚಿತ್ರದುರ್ಗದಲ್ಲಿ ಕೇಳಿ. ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕುವುದಾದರೆ ಶುಲ್ಕ 10 ರೂಪಾಯಿ. ನಮ್ಮ ರಾಜ್ಯದ ನಿಯಮದಂತೆ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಒಳಗೆ ಬರೆಯಬೇಕು. ವಿಷಯ ಒಂದಕ್ಕಿಂತ ಹೆಚ್ಚಿದ್ದರೆ ಮೊದಲನೆಯದಕ್ಕೆ ಮಾತ್ರ ಉತ್ತರ ಬರಬಹುದು.

ಹಂತ 2: ನಗು ಎಲ್ಲಿತ್ತು ಎಂದು ಪಟ್ಟಿ ಮಾಡಿ

ಇಡೀ ಕೆಲಸದಲ್ಲಿ ಇದೇ ಮುಖ್ಯ. ಜನರ ಪಟ್ಟಿಗಿಂತ ಮೊದಲು ಜಾಗಗಳ ಪಟ್ಟಿ ಮಾಡಿ.

ದಾವಣಗೆರೆಯಲ್ಲಿ ಹತ್ತಿ ಗಿರಣಿಗಳ ಪಾಳಿ ಬಿಡುವ ಹೊತ್ತು, ಗೇಟಿನ ಎದುರಿನ ಟೀ ಅಂಗಡಿ. ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯ ಕಾರ್ಮಿಕರು. ಮಂಡಕ್ಕಿ ಭಟ್ಟಿಗಳು, ಬೀಡಿ ಕಟ್ಟುವ ಮನೆಗಳು. ನಾಯಕನಹಟ್ಟಿ ಜಾತ್ರೆ, ಎರಡು ವರ್ಷಕ್ಕೊಮ್ಮೆ ಬರುವ ದುಗ್ಗಮ್ಮನ ಜಾತ್ರೆ. ಚಳ್ಳಕೆರೆ, ಹಿರಿಯೂರು ಕಡೆಯ ಗೊಲ್ಲರಹಟ್ಟಿಗಳು, ಲಂಬಾಣಿ ತಾಂಡಾಗಳು. ಮೊಳಕಾಲ್ಮೂರಿನ ಸೀರೆ ಮಗ್ಗದ ಮನೆಗಳು. ಹಗಲುವೇಷದವರು ಸುತ್ತುತ್ತಿದ್ದ ಊರುಗಳು. ಹಗಲುವೇಷ ಎಂದರೆ ಬೆಳಗ್ಗೆಯೇ ಬಣ್ಣ ಹಚ್ಚಿಕೊಂಡು ಬೀದಿ ಬೀದಿಯಲ್ಲಿ ಆಡುವ ಆಟ. ಅದರಲ್ಲಿ ದೇವರ ವೇಷದ ಜೊತೆಗೆ ಊರ ದೊಡ್ಡವರನ್ನು ಅಣಕಿಸುವ ಮಾತೂ ಬರುತ್ತದೆ.

ವೃತ್ತಿ ನಾಟಕ ಕಂಪನಿಗಳನ್ನು ಮರೆಯಬೇಡಿ. ದಾವಣಗೆರೆ ಚಿಂದೋಡಿ ಮನೆತನದ ಊರು. ಕಂಪನಿ ನಾಟಕದಲ್ಲಿ ಹಾಸ್ಯ ಪಾತ್ರಧಾರಿ ಬರೆದ ಮಾತನ್ನಷ್ಟೇ ಆಡುವುದಿಲ್ಲ. ಕ್ಯಾಂಪ್ ಹಾಕಿದ ಊರಿನ ಸುದ್ದಿಯನ್ನು ಸಂಜೆ ಕೇಳಿಕೊಂಡು, ರಾತ್ರಿ ಅಲ್ಲೇ ಕಟ್ಟಿ ಸೇರಿಸುತ್ತಾನೆ. ಹಸ್ತಪ್ರತಿಯಲ್ಲಿ ಇಲ್ಲದ ಮಾತಿಗೆ ಸೆನ್ಸಾರ್ ಹಾಕುವುದು ಕಷ್ಟ. ಅಂಥ ಮಾತು ಈಗ ನೆನಪಿನಲ್ಲಿ ಮಾತ್ರ ಸಿಗುತ್ತದೆ. ಕಂಪನಿಯ ನಟಿಯರನ್ನು ಕೇಳಿ. ಹಾಸ್ಯ ಜೋಡಿಯಲ್ಲಿ ಅರ್ಧ ಮಾತು ಅವರದ್ದೇ ಆಗಿರುತ್ತಿತ್ತು, ಆದರೆ ನೆನಪಿನ ಲೇಖನಗಳೆಲ್ಲ ಗಂಡು ಹಾಸ್ಯನಟರ ಮೇಲೆ ಬಂದಿವೆ.

ಪದಗಳಲ್ಲೂ ಹುಡುಕಿ. ಆಲ್ ಇಂಡಿಯಾ ರೇಡಿಯೋವನ್ನು ಆಗ ದೇಶದ ತುಂಬಾ 'ಆಲ್ ಇಂದಿರಾ ರೇಡಿಯೋ' ಎಂದು ಆಡಿಕೊಂಡರು. ಹಾಗೇ ನಿಮ್ಮ ಊರಲ್ಲಿ ಅಮಲ್ದಾರರಿಗೆ, ಪೊಲೀಸಿಗೆ, ಮಕ್ಕಳಾಗದಂತೆ ಮಾಡುವ ಆಪರೇಶನ್ ಕ್ಯಾಂಪಿಗೆ ಇಟ್ಟ ಅಡ್ಡಹೆಸರು ಏನಿತ್ತು? ಒಂದು ಅಡ್ಡಹೆಸರು ಸಿಕ್ಕರೂ ಅದೊಂದು ಇಡೀ ದೃಶ್ಯಕ್ಕೆ ದಾರಿ.

ಹಂತ 3: ಜನರನ್ನು ಆರಿಸಿ

ಹದಿನೈದು ಜನರ ಪಟ್ಟಿ ಮಾಡಿ, ಹೆಸರಿನ ಮುಂದೆ ಮೂರು ವಿಷಯ ಬರೆಯಿರಿ: ಆಗ ಎಷ್ಟು ವಯಸ್ಸು, ಏನು ಕೆಲಸ, ಯಾವ ಓಣಿ. ಓಣಿ ಬರೆದರೆ ಸಾಕು, ಪಟ್ಟಿ ಯಾವ ಕಡೆ ವಾಲಿದೆ ಎಂದು ನಿಮಗೇ ಕಾಣುತ್ತದೆ.

ಒಂದು ಜಾತಿಗೆ ಒಬ್ಬರು, ಒಂದು ಧರ್ಮಕ್ಕೆ ಒಬ್ಬರು ಎಂದು ಲೆಕ್ಕ ತುಂಬಬೇಡಿ. ಒಬ್ಬರೇ ಇದ್ದರೆ ಅವರು ಇಡೀ ಸಮುದಾಯದ ಪರವಾಗಿ ಮಾತಾಡಬೇಕಾಗುತ್ತದೆ. ಇಬ್ಬರಿದ್ದರೆ ಒಬ್ಬರಿಗೊಬ್ಬರು ಅಡ್ಡ ಮಾತಾಡಬಹುದು. ಅಲ್ಲಿಂದಲೇ ಅವರು ಮನುಷ್ಯರಾಗಿ ಕಾಣಲು ಶುರುವಾಗುತ್ತಾರೆ.

ಅಡ್ಡ ಮಾತು ಎಂದಾಗ ನೆನಪಾಯಿತು. ಎಮರ್ಜೆನ್ಸಿಯನ್ನು ಒಪ್ಪಿದವರನ್ನೂ ಕರೆಯಿರಿ. ಇದು ಬಹಳ ಜನ ತಂಡದವರಿಗೆ ಇಷ್ಟವಾಗುವುದಿಲ್ಲ, ಆದರೆ ನಾನು ಬಿಟ್ಟುಕೊಡುವುದಿಲ್ಲ. ಆಗ ನಮ್ಮಲ್ಲಿ ದೇವರಾಜ ಅರಸರ ಸರ್ಕಾರ. 1974ರಿಂದ ಹೊಸ ಭೂ ಸುಧಾರಣೆ ಜಾರಿಯಲ್ಲಿತ್ತು, ಗೇಣಿದಾರರು ನ್ಯಾಯಮಂಡಳಿ ಮುಂದೆ ಹೊಲ ಕೇಳುತ್ತಿದ್ದರು. ಹಿಂದುಳಿದ ವರ್ಗಗಳ ಬಗ್ಗೆ ಹಾವನೂರು ಆಯೋಗದ ವರದಿ ಬಂದದ್ದು 1975ರಲ್ಲೇ. ಜೀತ ರದ್ದಾದದ್ದೂ ಆ ದಿನಗಳಲ್ಲೇ. 1977ರಲ್ಲಿ ಉತ್ತರ ಭಾರತ ಕಾಂಗ್ರೆಸ್ಸನ್ನು ಕಿತ್ತೊಗೆದಾಗ ಕರ್ನಾಟಕ 28ರಲ್ಲಿ 26 ಲೋಕಸಭಾ ಸ್ಥಾನಗಳನ್ನು ಅದಕ್ಕೇ ಕೊಟ್ಟಿತು. ದಾವಣಗೆರೆಯಲ್ಲಿ ಕೆಂಬಾವುಟದ ಸಂಘಗಳು ಗಟ್ಟಿಯಾಗಿದ್ದವು. ಆದರೆ ಸಿಪಿಐ ಎಮರ್ಜೆನ್ಸಿಯನ್ನು ಬೆಂಬಲಿಸಿತ್ತು, ಸಿಪಿಎಂ ವಿರೋಧಿಸಿತ್ತು. ಹೀಗಿರುವಾಗ ಎಲ್ಲರೂ ಒಂದೇ ಸಮ ಸರ್ಕಾರವನ್ನು ಗೇಲಿ ಮಾಡಿದರು ಎಂದು ತೋರಿಸಿದರೆ ಸುಳ್ಳಾಗುತ್ತದೆ. ಹೊಲ ಸಿಕ್ಕ ಗೇಣಿದಾರ ಯಾರನ್ನು ನೋಡಿ ನಕ್ಕ? ಹೊಲ ಕಳೆದುಕೊಂಡ ಗೌಡರನ್ನು ನೋಡಿರಬಹುದು. ಆ ನಗುವನ್ನೂ ಕೇಳಿ. ಜೊತೆಗೆ, ಅದೇ ಮನುಷ್ಯ ಆಪರೇಶನ್ ಕ್ಯಾಂಪಿನ ಜೀಪು ಕಂಡರೆ ಜೋಳದ ಹೊಲದೊಳಗೆ ಓಡಿದ್ದರೆ ಅದನ್ನೂ ಕೇಳಿ.

ಹಂತ 4: ಕೇಳಲು ಯಾರು ಹೋಗುತ್ತಾರೆ?

ನಾಲ್ಕು ಜನ ಹುಡುಗರು ಟ್ರೈಪಾಡ್ ಹೊತ್ತು ಅಂಗಳಕ್ಕೆ ನುಗ್ಗಿದರೆ ಅಜ್ಜಿ ಸೆರಗು ಸರಿ ಮಾಡಿಕೊಂಡು ಮಗನ ಕಡೆ ನೋಡುತ್ತಾರೆ. ಆಮೇಲೆ ಮಗ ಮಾತಾಡುತ್ತಾನೆ. ಹಾಗಾಗಿ ತಂಡದಲ್ಲಿ ಹುಡುಗಿಯರು ಇರಲೇಬೇಕು. ಅವರು ಬರೀ ಕ್ಲಾಪ್ ಹಿಡಿಯಲು ಬಂದವರಾಗಬಾರದು, ಪ್ರಶ್ನೆ ಕೇಳುವವರಾಗಬೇಕು.

ತಾಂಡಾದಲ್ಲಿ ಲಂಬಾಣಿ ಮಾತು, ಭಟ್ಟಿ ಓಣಿಯಲ್ಲಿ ಉರ್ದು, ಮೊಳಕಾಲ್ಮೂರು ಗಡಿಯಲ್ಲಿ ತೆಲುಗು ಬರುವವರು ಜೊತೆಗಿರಲಿ. ಕುಚೋದ್ಯ ಮಾಡುವಾಗ ಮನುಷ್ಯರು ಮನೆಮಾತಿಗೇ ಇಳಿಯುತ್ತಾರೆ. ನಿಮಗಾಗಿ ಅವರು ಕನ್ನಡದಲ್ಲಿ ಹೇಳಿದರೆ ಸಿಗುವುದು ಸಾರಾಂಶ ಮಾತ್ರ. ಮನೆಯವರನ್ನೇ ಅನುವಾದಕ್ಕೆ ಇಟ್ಟುಕೊಳ್ಳಬೇಡಿ. ಅತ್ತೆಯ ಬೈಗುಳವನ್ನು ಸೊಸೆ ಹೊರಗಿನವರ ಮುಂದೆ ಹೇಳುವುದಿಲ್ಲ.

ಮೊದಲ ಭೇಟಿಗೆ ಕ್ಯಾಮೆರಾ ಬೇಡ. ದಿನಗೂಲಿಯವರ ಹತ್ತಿರ ಹೋದರೆ ಅವರ ಅರ್ಧ ದಿನದ ಕೂಲಿ ಕೊಡಿ. ಕಲಾವಿದರು ಹಾಡಿ ಆಡಿ ತೋರಿಸಿದರೆ ಸಂಭಾವನೆ ಕೊಡಿ. ದಾವಣಗೆರೆಯಲ್ಲಿ ಉಪನ್ಯಾಸಕ್ಕೆ ಬಂದವರಿಗೆ ಕವರ್ ಕೊಟ್ಟು, ಹಗಲುವೇಷದವರಿಗೆ ಶಾಲು ಹೊದಿಸಿ ಕಳಿಸುವುದು ನ್ಯಾಯವಲ್ಲ.

ಒಪ್ಪಿಗೆ ಪತ್ರ ಕನ್ನಡದಲ್ಲಿರಲಿ, ಒಂದೇ ಪುಟ. ಓದು ಬಾರದವರಿಗೆ ಪೂರ್ತಿ ಓದಿ ಹೇಳಿ, ಅವರು ಒಪ್ಪಿದ್ದನ್ನು ಕ್ಯಾಮೆರಾದಲ್ಲೇ ದಾಖಲಿಸಿ. ಎಡಿಟಿಂಗ್ ಮುಗಿಯುವವರೆಗೆ "ನನ್ನ ಮಾತು ಬೇಡ" ಎನ್ನುವ ಹಕ್ಕು ಅವರಿಗಿದೆ ಎಂದು ಬಿಡಿಸಿ ಹೇಳಿ. ಯೂಟ್ಯೂಬಿಗೆ ಹೋದ ಮೇಲೆ ಮೊಮ್ಮಕ್ಕಳ ಮೊಬೈಲಿಗೂ ಬರುತ್ತದೆ ಎಂದೂ ಹೇಳಿ.

ಹಂತ 5: ಸಂದರ್ಶನ

ಇಂಥ ಚಿತ್ರಗಳಲ್ಲಿ ನಾನು ಮತ್ತೆ ಮತ್ತೆ ಕಾಣುವ ಒಂದು ಕಟ್ಟು ಇದೆ. ಪೇಟೆಯ ಹಿರಿಯರು ಪುಸ್ತಕದ ಕಪಾಟಿನ ಮುಂದೆ ಕೂತು ವಿವರಿಸುತ್ತಾರೆ, ಜೋಕು ಹೇಳಿ ನಗಿಸುತ್ತಾರೆ. ಕೂಲಿಯವರು, ದಲಿತರು, ಮುಸ್ಲಿಂ ಹೆಂಗಸರು ಬಂದರೆ ಅಳುತ್ತಾರೆ. ಅವರು ಅಳುವುದು ನಾವು ಕೇಳುವ ಪ್ರಶ್ನೆಯಿಂದ. "ಆಗ ಎಷ್ಟು ಕಷ್ಟ ಆಯ್ತಮ್ಮ?" ಎಂದು ಕೇಳಿದರೆ ಕಷ್ಟವೇ ಬರುತ್ತದೆ.

ಕಷ್ಟ ಇರಲಿಲ್ಲ ಎಂದಲ್ಲ. 1976-77ರ ಒಂದೇ ವರ್ಷದಲ್ಲಿ ದೇಶದಲ್ಲಿ 80 ಲಕ್ಷಕ್ಕೂ ಹೆಚ್ಚು ಸಂತಾನಹರಣ ಶಸ್ತ್ರಚಿಕಿತ್ಸೆ ಆದವು. ಅದರ ಭಾರ ಬಿದ್ದದ್ದು ಬಡವರ ಮೇಲೆ. ಅದನ್ನು ಹೇಳಲೇಬೇಕು. ಆದರೆ ನಿಮ್ಮ ಚಿತ್ರದ ವಿಷಯ ವಿಡಂಬನೆ. ಅವರಿಗೂ ಅದೇ ಪ್ರಶ್ನೆ ಕೇಳಿ: "ಆಪರೇಶನ್ನಿನ ಸಾಹೇಬ್ರು ಬಂದು ಹೋದ್ಮೇಲೆ ಓಣ್ಯಾಗೆ ಏನಂತ ಆಡ್ಕಂತಿದ್ರಿ ಅಜ್ಜಿ?" "ಅವ್ರಿಗೆ ಏನಂತ ಹೆಸ್ರಿಟ್ಟಿದ್ರಿ?" "ಅವ್ರ ಹಂಗೆ ನಡೆದು ತೋರ್ಸೋರು ಯಾರಿದ್ರು?"

ಒಮ್ಮೆ ಭಟ್ಟಿ ಓಣಿಯ ಮನೆಯೊಂದರಲ್ಲಿ ಒಬ್ಬ ಅಜ್ಜಿ ಅರ್ಧ ಗಂಟೆ "ನಂಗೇನೂ ಗೊತ್ತಿಲ್ಲಪ್ಪ" ಎಂದೇ ಕೂತಿದ್ದರು. ಕ್ಯಾಮೆರಾ ಆಫ್ ಮಾಡಿ ಟೀ ಕುಡಿಯುವಾಗ ನಮ್ಮ ಜೊತೆಗಿದ್ದ ಹುಡುಗಿ ಈ ಕೊನೆಯ ಪ್ರಶ್ನೆ ಕೇಳಿದಳು. ಅಜ್ಜಿ ಎದ್ದರು. ಮೊರವನ್ನು ಫೈಲಿನಂತೆ ಕಂಕುಳಲ್ಲಿ ಇಟ್ಟುಕೊಂಡರು. ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ, ಹೆಸರು ಬರೆದುಕೊಳ್ಳುವ ಗುಮಾಸ್ತನ ಹಾಗೆ ಕದ ಕದ ತಟ್ಟುತ್ತಾ "ಎಷ್ಟು ಮಕ್ಳು? ಎಷ್ಟು ಮಕ್ಳು?" ಎಂದು ನಡೆದರು. ಮೂಲೆಯಲ್ಲಿ ಮರಿಗಳ ಜೊತೆ ಇದ್ದ ಕೋಳಿಯ ಮುಂದೆ ನಿಂತು ಅದನ್ನೂ ಕೇಳಿ, ಬರೆದುಕೊಂಡರು. ಮನೆಯವರೆಲ್ಲ ಬಿದ್ದು ಬಿದ್ದು ನಕ್ಕರು. ಅದು ನಮ್ಮ ಬಳಿ ದಾಖಲಾಗಿಲ್ಲ. ಮತ್ತೊಮ್ಮೆ ಮಾಡಿ ಎಂದಾಗ ನಾಲ್ಕು ಹೆಜ್ಜೆ ಹಾಕಿ ಕೂತುಬಿಟ್ಟರು. ಅಂದಿನಿಂದ, ಮೊದಲೇ ಒಪ್ಪಿಗೆ ಪಡೆದು, ಟೀ ಮುಗಿಯುವವರೆಗೂ ರೆಕಾರ್ಡರ್ ಓಡಿಸುತ್ತೇನೆ. ನೀವೂ ಹಾಗೇ ಮಾಡಿ.

ಭಟ್ಟಿಯ ಒಳಗೇ ಸಂದರ್ಶನ ಬೇಡ. ಮರಳಿನಲ್ಲಿ ಅಕ್ಕಿ ಹುರಿಯುವ ಸದ್ದಿಗೆ ಮಾತು ಮುಳುಗಿಹೋಗುತ್ತದೆ. ಆ ಸದ್ದನ್ನು ಬೇರೆಯಾಗಿ ಎರಡು ನಿಮಿಷ ಹಿಡಿದಿಟ್ಟುಕೊಳ್ಳಿ, ಎಡಿಟಿಂಗ್‌ನಲ್ಲಿ ಬೇಕಾಗುತ್ತದೆ.

ಯಾರಾದರೂ ಜೋಕು ಹೇಳಿದರೆ ಮೂರು ವಿಷಯ ಕೇಳಿ ಬರೆದುಕೊಳ್ಳಿ: ಯಾರ ಬಾಯಲ್ಲಿ ಕೇಳಿದಿರಿ, ಎಲ್ಲಿ ಕೂತಿದ್ದಿರಿ, ಅದನ್ನು ಯಾರ ಮುಂದೆ ಹೇಳುತ್ತಿರಲಿಲ್ಲ? ಮೂರನೆಯದು ಬಲು ಮುಖ್ಯ. ಅದರಲ್ಲಿ ಆ ಕಾಲದ ಭಯ ಗೊತ್ತಾಗುತ್ತದೆ. ಆಮೇಲೆ ವಾಟ್ಸಾಪಿನಲ್ಲಿ ಓದಿದ ಜೋಕಾಗಿದ್ದರೆ ಅಲ್ಲೇ ತಡವರಿಸುತ್ತಾರೆ.

ಹಂತ 6: ಹಳೇ ಕಾರ್ಟೂನು, ಹಳೇ ಜೋಕು

ಕಾರ್ಟೂನು ಐವತ್ತು ವರ್ಷ ಹಳೆಯದು ಎಂದು ಸುಮ್ನೆ ಹಾಕಿಕೊಳ್ಳಬೇಡಿ. ಚಿತ್ರಗಾರ ತೀರಿಕೊಂಡ ಮೇಲೆ 60 ವರ್ಷ ಹಕ್ಕುಸ್ವಾಮ್ಯ ಇರುತ್ತದೆ. ಅಬು ಅಬ್ರಹಾಂ ತೀರಿಕೊಂಡದ್ದು 2002ರಲ್ಲಿ, ಅಂದರೆ ಇನ್ನೂ ದಶಕಗಳು ಬಾಕಿ ಇವೆ. ವಿಮರ್ಶೆಗೆ ಬೇಕಾದಷ್ಟು ತೋರಿಸಲು ಕಾನೂನಿನಲ್ಲಿ 'ನ್ಯಾಯಯುತ ಬಳಕೆ' ಎಂಬ ಅವಕಾಶ ಇದೆ. ಆದರೆ ಸಂಗೀತದ ಹಿಂದೆ ಅಲಂಕಾರಕ್ಕೆ ತೇಲಿಬಿಟ್ಟರೆ ಅದು ವಿಮರ್ಶೆ ಆಗುವುದಿಲ್ಲ. ಬರೆದು ಅನುಮತಿ ಕೇಳುವುದೇ ಒಳ್ಳೆಯದು.

ಇದಕ್ಕಿಂತ ಕಷ್ಟದ ವಿಷಯ ಇನ್ನೊಂದಿದೆ. ಆ ಕಾಲದ ವಿಡಂಬನೆ ಎಲ್ಲವೂ ಸರ್ವಾಧಿಕಾರದ ಮೇಲೆ ಇರಲಿಲ್ಲ. ಇಂದಿರಾ ಗಾಂಧಿ ಮಾಡಿದ್ದನ್ನು ಬಿಟ್ಟು, ಅವರು ಹೆಂಗಸು, ಗಂಡ ಸತ್ತವರು ಎನ್ನುವುದನ್ನೇ ಹಿಡಿದು ಆಡಿಕೊಂಡ ಮಾತುಗಳು ರಾಶಿ ಇವೆ. ಆಪರೇಶನ್ ಜೋಕುಗಳಲ್ಲಿ ಮುಸ್ಲಿಮರ ಮನೆಯ ಮಕ್ಕಳ ಲೆಕ್ಕ ಬರುತ್ತದೆ. ಜಾತಿ ಬೈಗುಳವೂ ಇದೆ. ಇವನ್ನು ಮುಚ್ಚಿಟ್ಟರೆ ಆ ಕಾಲಕ್ಕೆ ಸುಣ್ಣ ಬಳಿದ ಹಾಗೆ. ಹಾಗೇ ಬಿಟ್ಟರೆ ಇನ್ನೊಮ್ಮೆ ನೋಯಿಸಿದ ಹಾಗೆ. ನಾನು ಹೇಳುವ ದಾರಿ: ಒಂದೋ ಎರಡೋ ಮಾತ್ರ ಇಟ್ಟುಕೊಳ್ಳಿ, ಮತ್ತು ಅದು ಯಾರ ಮೇಲೆ ಇತ್ತೋ ಅವರಲ್ಲಿ ಒಬ್ಬರು ಅದೇ ದೃಶ್ಯದಲ್ಲಿ ಉತ್ತರ ಕೊಡಲಿ. ಜಾತಿ ಹೆಸರಿನ ಬೈಗುಳವನ್ನು ಬೀಪ್ ಮಾಡಿ. ಪರಿಶಿಷ್ಟ ಜಾತಿ, ಪಂಗಡದವರ ಮೇಲಿನ ದೌರ್ಜನ್ಯ ತಡೆಯುವ 1989ರ ಕಾಯ್ದೆ ಇದೆ ಎಂಬುದೂ ನೆನಪಿರಲಿ.

ಹಂತ 7: ಎಡಿಟಿಂಗ್ ಮತ್ತು ಹೆಸರಿನ ಪಟ್ಟಿ

ಮೊದಲ ಜೋಡಣೆ ಆದ ಮೇಲೆ ಸ್ಟಾಪ್‌ವಾಚ್ ಹಿಡಿದು ಕೂರಿ. ಪ್ರತಿಯೊಬ್ಬರ ಹೆಸರಿನ ಮುಂದೆ ಎಷ್ಟು ನಿಮಿಷ ಎಂದು ಬರೆಯಿರಿ. ಪಕ್ಕದಲ್ಲಿ ಇವರು ಏನು ಮಾಡುತ್ತಿದ್ದಾರೆ ಎಂದು ಒಂದೇ ಪದ: ವಿವರಣೆ, ನಗೆ, ಅಳು. ಹೆಂಗಸರು ಒಟ್ಟು ಹತ್ತು ನಿಮಿಷ ಇದ್ದರೂ ಅಷ್ಟೂ ಅಳುವೇ ಆಗಿದ್ದರೆ ಮತ್ತೆ ಕಚ್ಚಾ ದೃಶ್ಯಕ್ಕೆ ಹೋಗಿ. ಅವರು ವಿವರಿಸಿದ ಮಾತು ಅಲ್ಲೆಲ್ಲೋ ಬಿದ್ದಿರುತ್ತದೆ.

ಪರದೆಯ ಮೇಲೆ ಬರುವ ಹೆಸರನ್ನು ಗಮನಿಸಿ. ಒಬ್ಬರಿಗೆ 'ಹಿರಿಯ ಪತ್ರಕರ್ತರು', ಇನ್ನೊಬ್ಬರಿಗೆ ಬರೀ 'ಸ್ಥಳೀಯ ಮಹಿಳೆ' ಎಂದು ಹಾಕಬೇಡಿ. ಪೂರ್ತಿ ಹೆಸರು, ಕೆಲಸ, ಊರು ಎಲ್ಲರಿಗೂ ಒಂದೇ ರೀತಿ ಇರಲಿ. ಇಪ್ಪತ್ತು ವರ್ಷ ಸೋಬಾನೆ ಹಾಡಿದವರು 'ಪದಗಾರ್ತಿ'. ಆಪರೇಶನ್ ಬಗ್ಗೆ ಮಾತಾಡಿದವರು ಹೆಸರು ಬೇಡ ಎಂದರೆ ಮಾತ್ರ ಬಿಡಿ.

ಸಬ್‌ಟೈಟಲ್ ಹಾಕುವುದಾದರೆ ಎಲ್ಲರಿಗೂ ಹಾಕಿ. ಕಿವಿ ಮಂದವಾದವರಿಗೂ ಅನುಕೂಲ. ಹಳ್ಳಿಯವರ ಕನ್ನಡಕ್ಕೆ ಮಾತ್ರ ಶಿಷ್ಟ ಕನ್ನಡದ ಸಾಲು ಕೊಟ್ಟರೆ ಅವರ ಮಾತು ಕನ್ನಡವೇ ಅಲ್ಲ ಎಂದಂತೆ. 'ಹೋಗಾಕಿಲ್ಲ' ಎಂದದ್ದನ್ನು 'ಹೋಗುವುದಿಲ್ಲ' ಎಂದು ತಿದ್ದಬೇಡಿ.

ಎರಡು ಹಾರ್ಡ್ ಡಿಸ್ಕ್ ಬೇಕು ಎಂದೆನಲ್ಲ, ಅವು ಎರಡು ಬೇರೆ ಮನೆಗಳಲ್ಲಿರಲಿ. ಅಮೃತ್ ನಹಾಟಾ ಅವರ 'ಕಿಸ್ಸಾ ಕುರ್ಸಿ ಕಾ' ಎಂಬ ವಿಡಂಬನೆ ಸಿನಿಮಾದ ಪ್ರಿಂಟುಗಳನ್ನು ಎಮರ್ಜೆನ್ಸಿಯಲ್ಲಿ ವಶಪಡಿಸಿಕೊಂಡು ಸುಟ್ಟುಹಾಕಿದರು. ಅವರು ಅದನ್ನು ಮತ್ತೆ ಹೊಸದಾಗಿ ತೆಗೆಯಬೇಕಾಯಿತು. ನಮಗೆ ಡಿಸ್ಕ್ ಕೆಟ್ಟರೂ ಅಷ್ಟೇ ನಷ್ಟ. ಎಪ್ಪತ್ತೈದರ ಅಜ್ಜಿ ಮುಂದಿನ ವರ್ಷ ಇರುತ್ತಾರೆಂಬ ಭರವಸೆ ಇಲ್ಲ.

ಹಂತ 8: ತೋರಿಸುವುದು

ಥಿಯೇಟರಿನಲ್ಲಿ ಸಾರ್ವಜನಿಕವಾಗಿ ತೋರಿಸಲು ಸಾಕ್ಷ್ಯಚಿತ್ರಕ್ಕೂ ಸೆನ್ಸಾರ್ ಮಂಡಳಿಯ ಪ್ರಮಾಣಪತ್ರ ಬೇಕು. ಪ್ರಾದೇಶಿಕ ಕಚೇರಿ ಬೆಂಗಳೂರಿನಲ್ಲಿದೆ. ಸಮಯ ಹಿಡಿಯುತ್ತದೆ, ಪ್ರದರ್ಶನದ ದಿನಾಂಕ ಗೊತ್ತು ಮಾಡುವ ಮೊದಲೇ ಅರ್ಜಿ ಹಾಕಿ.

ಅದಕ್ಕೂ ಮೊದಲು, ಮಾತಾಡಿದವರಿಗೆ ಅವರ ಓಣಿಯಲ್ಲೇ ತೋರಿಸಿ. ಸುಣ್ಣದ ಗೋಡೆ, ಬಾಡಿಗೆ ಪ್ರೊಜೆಕ್ಟರ್ ಸಾಕು. ಕೂಲಿ ಮುಗಿಸಿ, ಒಲೆ ಕೆಲಸ ಆದ ಮೇಲೆ, ರಾತ್ರಿ ಎಂಟೂವರೆಗೆ ಇಟ್ಟರೆ ಹೆಂಗಸರು ಬರುತ್ತಾರೆ. ಮುಂದಿನ ಸಾಲು ಅವರಿಗೇ ಇರಲಿ. ಮುಗಿದ ಕೂಡಲೇ ಲೈಟ್ ಹಾಕಿ ಸಾಮಾನು ಕಟ್ಟಬೇಡಿ. ಯಾರೋ ಒಬ್ಬರು ಹಿಂದಿನಿಂದ ಎದ್ದು "ಅದು ಹಂಗಲ್ಲ, ನಾ ಹೇಳ್ತೀನಿ ಕೇಳ್ರಿ" ಎಂದು ಶುರು ಮಾಡುತ್ತಾರೆ. ಆ ಹೊತ್ತಿಗೆ ರೆಕಾರ್ಡರ್ ಚಾರ್ಜ್ ಆಗಿರಲಿ.